ಬೈಬಲ್ ಆಳವಾಗಿ ಓದಲು ಯಾವುದು ಮೊದಲು, ಯಾವುದು ಆಮೇಲೆ?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರವಾದಿ ಯೆಶಾಯನ ಪುಸ್ತಕದ ಐದನೆಯ ಅಧ್ಯಾಯ ಓದುವುದಕ್ಕೆ ಚಿಕ್ಕಬಳ್ಳಾಪುರದ ಕಡೆಯವರಿಗಿಂತ ಅನುಕೂಲಸ್ಥರು ಸಿಗುವುದು ಕಷ್ಟ. ಒಬ್ಬನು ಫಲವತ್ತಾದ ಗುಡ್ಡ ಆರಿಸಿ, ಅಗೆದು, ಕಲ್ಲು ಹೆಕ್ಕಿ, ಒಳ್ಳೆಯ ತಳಿಯ ದ್ರಾಕ್ಷಿ ನೆಟ್ಟು, ಕಾವಲಿಗೆ ಗೋಪುರ ಕಟ್ಟಿ, ರಸ ತೆಗೆಯಲು ತೊಟ್ಟಿಯನ್ನೂ ಕೊರೆದಿಟ್ಟು ಕಾಯುತ್ತಾನೆ. ಬಿಟ್ಟದ್ದು ಬಾಯಿಗಿಡಲಾಗದ ಹಣ್ಣು. ಕಲ್ಲುಕಂಬ ನೆಟ್ಟು, ಚಪ್ಪರ ಎಬ್ಬಿಸಿ, ಸಾಲ ಮಾಡಿ ಔಷಧ ಹೊಡೆದು, ಕೊನೆಗೆ ಫಸಲು ಕೈಕೊಟ್ಟದ್ದನ್ನು ಕಂಡ ಮನೆಗಳಿಗೆ ಆ ಅಧ್ಯಾಯದ ಮೊದಲ ಏಳು ವಾಕ್ಯಗಳನ್ನು ಯಾರೂ ವಿವರಿಸಬೇಕಿಲ್ಲ.

ಆದರೆ ನಮ್ಮಲ್ಲಿ ಓದುವ ಕ್ರಮವೇ ತಲೆಕೆಳಗು. ಮೊದಲು ಯೂಟ್ಯೂಬ್ ಪ್ರಸಂಗ (ಪ್ರವಚನ), ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂದ ವಿವರಣೆ, ಪುರುಸೊತ್ತಾದರೆ ಕೊನೆಗೆ ಬೈಬಲಿನ ವಾಕ್ಯ. ಸಲಕರಣೆಗಳಿಗೆ ಈಗ ಬರವಿಲ್ಲ. ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಎಂಬುದೇ ಗೊಂದಲ. ಅದೇ ದ್ರಾಕ್ಷಿತೋಟದ ಭಾಗವನ್ನು ಹಿಡಿದುಕೊಂಡು ಒಂದೊಂದೇ ಹಂತ ನೋಡೋಣ. ಭಕ್ತಿಯಿಂದ ಓದುವವರಿಗೂ, ಸಾಹಿತ್ಯವೆಂದು ಓದುವವರಿಗೂ ಕ್ರಮ ಇದೇ.

ಮೊದಲ ಹಂತ: ಒಂದು ಬೈಬಲ್ ಸಾಲದು, ಐದು ಬೇಡ

ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಶುರುಮಾಡಿದ ಕೆಲಸದಿಂದ 1831ರಲ್ಲಿ ಕನ್ನಡದಲ್ಲಿ ಪೂರ್ತಿ ಬೈಬಲ್ ಬಂತು. ಅಲ್ಲಿಂದ ಇಲ್ಲಿಯವರೆಗೆ ಪರಿಷ್ಕರಣೆಯೂ ಹೊಸ ಅನುವಾದಗಳೂ ನಿಂತಿಲ್ಲ. ನಮ್ಮ ಭಾಗದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಮೆಥೋಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಸಭೆಗಳ ಹಿರಿಯರ ಬಾಯಲ್ಲಿರುವುದು ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’. ಅದರಲ್ಲಿ 66 ಪುಸ್ತಕಗಳು. ಕಥೋಲಿಕ ಧರ್ಮಕೇಂದ್ರಗಳಲ್ಲಿ ಬಳಸುವ ಬೈಬಲಿನಲ್ಲಿ 73. ಆ ಹೆಚ್ಚಿನ ಏಳರಲ್ಲಿ ಸೇರಿದ ಮಕ್ಕಬಿಯರ ಪುಸ್ತಕಗಳನ್ನು ಹುಡುಕುತ್ತಿದ್ದರೆ ಕೊಳ್ಳುವ ಮೊದಲೇ ಪರಿವಿಡಿ ನೋಡಿಕೊಳ್ಳಿ.

ಫೋನಿನಲ್ಲಿ ಯೂವರ್ಷನ್ ಆ್ಯಪ್ ಹಾಕಿಕೊಂಡರೆ ಬೈಬಲ್ ಸೊಸೈಟಿಯ ಜೆ.ವಿ. (ಹಳೆಯ ಅನುವಾದ) ಮತ್ತು ಸಿ.ಎಲ್. (ಸಾಮಾನ್ಯ ಭಾಷೆಯ ಅನುವಾದ) ಆವೃತ್ತಿಗಳು, 2019ರ ಐ.ಆರ್.ವಿ. (ಇಂಡಿಯನ್ ರಿವೈಸ್ಡ್ ವರ್ಷನ್), ಕನ್ನಡ ಸಮಕಾಲಿಕ ಅನುವಾದ ಎಲ್ಲವೂ ಉಚಿತ. ಒಂದು ವಾಕ್ಯದ ಮೇಲೆ ಬೆರಳಿಟ್ಟು ಬೇರೆ ಅನುವಾದಗಳೊಂದಿಗೆ ಹೋಲಿಸಿಯೂ ನೋಡಬಹುದು. ಐ.ಆರ್.ವಿ.ಗೆ ಇನ್ನೊಂದು ಅನುಕೂಲವಿದೆ. ಅದು ಮುಕ್ತ ಪರವಾನಗಿಯಲ್ಲಿರುವುದರಿಂದ ಮೂಲವನ್ನು ಹೆಸರಿಸಿ, ಪರವಾನಗಿಯ ಷರತ್ತು ಪಾಲಿಸಿ, ಬೇಕಾದ ಅಧ್ಯಾಯವನ್ನು ಪ್ರಿಂಟ್ ಹಾಕಿಸಿ ಕೂಟದಲ್ಲಿ ಹಂಚಬಹುದು.

ಒಂದನ್ನು ಆಧಾರವಾಗಿಟ್ಟುಕೊಳ್ಳಿ, ಇನ್ನೊಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಮೂರನೆಯದು ಬೇಕೇಬೇಕೆಂದರೆ ನಮ್ಮ ಸೀಮೆಯವರು ಇಂಗ್ಲಿಷಿಗೇ ಓಡಬೇಕಿಲ್ಲ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ತೆಲುಗು ಬೈಬಲ್ ಇದೆ, ಕೆ.ಜಿ.ಎಫ್. ಮನೆಗಳಲ್ಲಿ ತಮಿಳಿನದು. ಅಜ್ಜಿ ತೆಲುಗಿನಲ್ಲಿ, ಮೊಮ್ಮಗಳು ಕನ್ನಡದಲ್ಲಿ ಒಂದೇ ಅಧ್ಯಾಯ ಓದಿಕೊಂಡರೆ ಎಲ್ಲಿ ವ್ಯತ್ಯಾಸ ಬರುತ್ತದೆಯೋ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಬೆಂಗಳೂರಿನವರು ಕೋರ್ಸ್‌ಗೆ ಹಣ ಕಟ್ಟಿ ಕಲಿಯುವುದು ಇಲ್ಲಿ ಪಡಸಾಲೆಯಲ್ಲೇ ಸಿಗುತ್ತದೆ.

ಮುದ್ರಿತ ಪ್ರತಿ ಬೇಕಾದವರು ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿರುವ ಬೈಬಲ್ ಸೊಸೈಟಿಗೆ ಹೋಗಿಬರಬಹುದು. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿದರಾಯಿತು. ಕೊಳ್ಳುವಾಗ ಎರಡು ಸಂಗತಿ ನೋಡಿ: ಪುಟದ ಅಡಿಯಲ್ಲೋ ನಡುವಿನ ಅಂಕಣದಲ್ಲೋ ಸಂಬಂಧಪಟ್ಟ ವಾಕ್ಯಗಳ ಸಂಖ್ಯೆ ಕೊಟ್ಟಿದ್ದಾರೆಯೇ, ಹಿಂದೆ ನಕ್ಷೆಗಳಿವೆಯೇ. ಚರ್ಮದ ರಟ್ಟು, ಬಂಗಾರದ ಅಂಚು ಆಮೇಲಿನ ಮಾತು.

ಎರಡನೆಯ ಹಂತ: ನೋಟ್‌ಬುಕ್

ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಆರಿಸಿದ ಭಾಗವನ್ನು ಕೈಯಾರೆ ನಕಲು ಮಾಡಿ, ಆದರೆ ವಾಕ್ಯಸಂಖ್ಯೆ ಹಾಕಬೇಡಿ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಇಂಗ್ಲೆಂಡಿನ ಧರ್ಮಾಧ್ಯಕ್ಷ ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು. ಹೊಸ ಒಡಂಬಡಿಕೆಯ (ಯೇಸುವಿನಿಂದ ಈಚಿನ ಭಾಗದ) ಇಂದಿನ ವಾಕ್ಯಸಂಖ್ಯೆಗಳು 1551ರಲ್ಲಿ ರಾಬೇರ್ ಎತಿಯೆನ್ ಎಂಬ ಮುದ್ರಕ ಹಾಕಿದವು. ಹುಡುಕುವುದಕ್ಕೆ ಅವು ಬೇಕು. ಓದುವಾಗ ಮಾತನ್ನು ತುಂಡು ಮಾಡುತ್ತವೆ.

ಯೆಶಾಯ ಐದರಲ್ಲಿ ಇದು ಎದ್ದು ಕಾಣುತ್ತದೆ. ತೋಟದ ಹಾಡು ಏಳನೆಯ ವಾಕ್ಯಕ್ಕೆ ಮುಗಿಯಿತೆಂದು ಎಲ್ಲರೂ ಬೈಬಲ್ ಮುಚ್ಚುತ್ತಾರೆ. ಎಂಟನೆಯದಕ್ಕೆ ದಾಟಿ ನೋಡಿ. ಮನೆಗೆ ಮನೆ ಸೇರಿಸಿ, ಹೊಲಕ್ಕೆ ಹೊಲ ಕೂಡಿಸಿ, ಬೇರೆಯವರಿಗೆ ಜಾಗವೇ ಇಲ್ಲದಂತೆ ಮಾಡುವವರ ಪಾಡೇನು ಎಂದು ಪ್ರವಾದಿ ಗುಡುಗುತ್ತಾನೆ. ಅಂದರೆ ಕೆಟ್ಟ ಹಣ್ಣು ಎಂದರೇನು ಎಂಬುದಕ್ಕೆ ಉತ್ತರ ಮುಂದಿನ ಸಾಲಿನಲ್ಲೇ ಇದೆ. ದೇವನಹಳ್ಳಿಯಿಂದ ಈಚೆಗೆ ಲೇಔಟ್‌ಗಳ ಬೋರ್ಡು ನೋಡಿಕೊಂಡು ಬಸ್ಸಿನಲ್ಲಿ ಬರುವವರಿಗೆ ಈ ಸಾಲು ಹಳೆಯದೆನಿಸುವುದಿಲ್ಲ.

ನಕಲಿನ ಎದುರು ಪುಟದಲ್ಲಿ ಪ್ರಶ್ನೆಗಳನ್ನು ಮಾತ್ರ ಬರೆಯಿರಿ. ಮಾತಾಡುತ್ತಿರುವವರು ಯಾರು? ಕೇಳುವವರು ಯಾರು? ಯಾವ ಮಾತು ಎರಡೆರಡು ಸಲ ಬಂದಿದೆ? ಏನು ಅರ್ಥವಾಗಲಿಲ್ಲ? ಉತ್ತರ ಹುಡುಕುವ ಆತುರ ಈಗ ಬೇಡ.

ಮೂರನೆಯ ಹಂತ: ವಾಕ್ಯದಿಂದ ವಾಕ್ಯಕ್ಕೆ

ಇಲ್ಲಿ ಹೆಚ್ಚು ಹೊತ್ತು ಕೂರಬೇಕು. ಬೈಬಲಿನ ಒಂದು ಭಾಗ ಇನ್ನೊಂದನ್ನು ನೆನೆಯುತ್ತದೆ, ಮುಂದುವರಿಸುತ್ತದೆ, ಒಮ್ಮೊಮ್ಮೆ ತಿರುಗಿಸಿ ಹೇಳುತ್ತದೆ. ಆ ಜಾಡು ತೋರಿಸುವುದೇ ಕ್ರಾಸ್ ರೆಫರೆನ್ಸ್.

ನಿಮ್ಮ ಬೈಬಲಿನಲ್ಲಿ ಅದು ಇಲ್ಲದಿದ್ದರೂ ತೊಂದರೆಯಿಲ್ಲ. ‘ಟ್ರೆಷರಿ ಆಫ್ ಸ್ಕ್ರಿಪ್ಚರ್ ನಾಲೆಜ್’ ಎಂಬ 19ನೆಯ ಶತಮಾನದ ಸಂಗ್ರಹದಲ್ಲಿ ಲಕ್ಷಗಟ್ಟಲೆ ಇಂಥ ಸಂಬಂಧಗಳಿವೆ. ಬೈಬಲ್ ಹಬ್ ಎಂಬ ಜಾಲತಾಣದಲ್ಲಿ ಅದು ಪುಕ್ಕಟೆ. ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯಬೇಡಿ. ಅಲ್ಲಿ ಮುಖ್ಯವಾಗಿ ಇರುವುದು ಪುಸ್ತಕದ ಹೆಸರು ಮತ್ತು ಅಂಕಿ. 66 ಪುಸ್ತಕಗಳ ಇಂಗ್ಲಿಷ್ ಹೆಸರಿನ ಎದುರು ಕನ್ನಡ ಹೆಸರು ಬರೆದ ಒಂದು ಚೀಟಿ ಮಾಡಿಟ್ಟುಕೊಂಡರೆ ಇಡೀ ಸಂಗ್ರಹ ಕನ್ನಡದ ಓದುಗರಿಗೂ ದಕ್ಕುತ್ತದೆ. ಸಂಡೇ ಸ್ಕೂಲ್ ಮಕ್ಕಳಿಂದ ಬರೆಸಿದರೆ ಅವರಿಗೂ ಪುಸ್ತಕಗಳ ಕ್ರಮ ಬಾಯಿಗೆ ಬರುತ್ತದೆ.

ದ್ರಾಕ್ಷಿತೋಟದ ಜಾಡು ಹಿಡಿದು ಹೊರಡಿ. ಹಿಂದಕ್ಕೆ ಹೋದರೆ 80ನೆಯ ಕೀರ್ತನೆ. ಅಲ್ಲಿ ದೇವರು ಐಗುಪ್ತದಿಂದ (ಈಜಿಪ್ಟಿನಿಂದ) ತಂದು ನೆಟ್ಟ ಬಳ್ಳಿಯೇ ಇಸ್ರಾಯೇಲು. ಮುಂದಕ್ಕೆ ಬಂದರೆ ಹೊಸ ಒಡಂಬಡಿಕೆಯ ಮತ್ತಾಯ 21:33, ಅಂದರೆ 21ನೆಯ ಅಧ್ಯಾಯದ 33ನೆಯ ವಾಕ್ಯ. ಯೇಸು ಹೇಳುವ ಕಥೆಯಲ್ಲಿ ಬೇಲಿ, ರಸದ ತೊಟ್ಟಿ, ಗೋಪುರ ಎಲ್ಲ ಯೆಶಾಯನವೇ. ಕೇಳುತ್ತಿದ್ದ ಯಾಜಕರಿಗೆ ಹಾಡು ಯಾವುದೆಂದು ಮೊದಲ ಸಾಲಿಗೇ ಗೊತ್ತಾಗಿರಬೇಕು. ಆದರೆ ಒಂದು ವ್ಯತ್ಯಾಸವಿದೆ. ಯೆಶಾಯನಲ್ಲಿ ಕೆಟ್ಟದ್ದು ಹಣ್ಣು. ಇಲ್ಲಿ ಹಣ್ಣಿನ ಮೇಲೆ ದೂರೇ ಇಲ್ಲ, ದೂರು ತೋಟವನ್ನು ಗುತ್ತಿಗೆಗೆ ಹಿಡಿದವರ ಮೇಲೆ. ಭೂಮಿ ವಾರಕ್ಕೆ (ಪಾಲಿಗೆ) ಕೊಟ್ಟವರೂ ಪಡೆದವರೂ ಇರುವ ಊರುಗಳಲ್ಲಿ ಈ ಬದಲಾವಣೆಯ ತೂಕ ತಿಳಿಯುತ್ತದೆ. ತಮ್ಮ ಬಗ್ಗೆಯೇ ಹೇಳಿದನೆಂದು ಮಹಾಯಾಜಕರೂ ಫರಿಸಾಯರೆಂಬ ಯೆಹೂದಿ ಪಂಗಡದವರೂ ಅರಿತುಕೊಂಡರೆಂದು 45ನೆಯ ವಾಕ್ಯ ಹೇಳುತ್ತದೆ.

ಇದೇ ಕಥೆ ಮಾರ್ಕ 12ರಲ್ಲೂ ಲೂಕ 20ರಲ್ಲೂ ಇದೆ. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದು ಪಕ್ಕಪಕ್ಕ ಬರೆಯಿರಿ. ಮಾರ್ಕನಲ್ಲಿ ಗುತ್ತಿಗೆದಾರರು ತೋಟದ ಯಜಮಾನನ ಮಗನನ್ನು ಕೊಂದು ತೋಟದ ಹೊರಗೆ ಎಸೆಯುತ್ತಾರೆ. ಮತ್ತಾಯ, ಲೂಕರಲ್ಲಿ ಮೊದಲು ಹೊರಗೆ ಹಾಕಿ ಆಮೇಲೆ ಕೊಲ್ಲುತ್ತಾರೆ. ಯೇಸುವನ್ನು ಪಟ್ಟಣದ ಹೊರಗೆ ಶಿಲುಬೆಗೇರಿಸಿದ್ದನ್ನು ಮನಸ್ಸಿನಲ್ಲಿಟ್ಟು ಹೀಗೆ ಬರೆದರೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದನ್ನು ಒಪ್ಪುವುದು ಬಿಡುವುದು ನಂತರದ ಮಾತು. ವ್ಯತ್ಯಾಸ ನಿಮ್ಮ ಕಣ್ಣಿಗೇ ಬಿತ್ತಲ್ಲ, ಅಷ್ಟು ಈಗ ಸಾಕು.

ಭಾನುವಾರ ಚರ್ಚಿನಲ್ಲಿ ಓದುವ ಭಾಗಗಳ ವಾಚನಪಟ್ಟಿಯೂ ಇದೇ ಕೆಲಸ ಮಾಡುತ್ತದೆ, ಬಹಳ ಜನ ಗಮನಿಸುವುದಿಲ್ಲ. ಕಥೋಲಿಕರ ಮೂರು ವರ್ಷದ ಸುತ್ತಿನ ಮೊದಲ ವರ್ಷದಲ್ಲಿ, ಹಬ್ಬದ ಕಾಲಗಳಲ್ಲದ ‘ಸಾಧಾರಣ ಕಾಲ’ದ 27ನೆಯ ಭಾನುವಾರ ಯೆಶಾಯ 5, ಕೀರ್ತನೆ 80, ಮತ್ತಾಯ 21 ಒಟ್ಟಿಗೇ ಬರುತ್ತವೆ. ಸಿ.ಎಸ್.ಐ. ಸಭೆಗೂ ತನ್ನದೇ ಪಟ್ಟಿಯಿದೆ. ಶನಿವಾರ ರಾತ್ರಿಯೇ ಮರುದಿನದ ಪಾಠಗಳನ್ನು ತೆಗೆದು, ಇವನ್ನು ಏಕೆ ಜೊತೆಗೆ ಇಟ್ಟಿರಬಹುದು ಎಂದು ಯೋಚಿಸಿ.

ನಾಲ್ಕನೆಯ ಹಂತ: ನಿಘಂಟು, ನಕ್ಷೆ

ಎದುರು ಪುಟದ ಪ್ರಶ್ನೆಗಳಲ್ಲಿ ಅಳತೆ, ಊರು, ಪದ್ಧತಿಗೆ ಸಂಬಂಧಿಸಿದವನ್ನು ಬೈಬಲ್ ನಿಘಂಟಿನಲ್ಲಿ ಹುಡುಕಿ. ಯೆಶಾಯ 5:10ನ್ನೇ ತೆಗೆದುಕೊಳ್ಳಿ. ಹತ್ತು ಜೊತೆ ಎತ್ತು ಒಂದು ದಿನ ಉಳುವಷ್ಟು ತೋಟದಲ್ಲಿ ಸಿಗುವುದು ಒಂದು ಬತ್ ರಸ, ಒಂದು ಹೋಮೆರ್ ಬಿತ್ತಿದರೆ ಬರುವುದು ಒಂದು ಏಫಾ. ಹೀಗೇ ಓದಿದರೆ ತಲೆಬುಡ ತಿಳಿಯದು. ಬತ್ ಎಂದರೆ ಸುಮಾರು 22 ಲೀಟರ್, ಹತ್ತು ಏಫಾ ಸೇರಿದರೆ ಒಂದು ಹೋಮೆರ್ ಎಂದು ನಿಘಂಟು ಹೇಳಿದ ಕೂಡಲೇ ಚಿತ್ರ ನಿಲ್ಲುತ್ತದೆ. ಹತ್ತು ಸೇರು ರಾಗಿ ಚೆಲ್ಲಿದ ಹೊಲದಿಂದ ಒಂದೇ ಸೇರು ಮನೆಗೆ ಬಂದಂತೆ, ಬಿತ್ತನೆ ಬೀಜವೂ ಗಿಟ್ಟಲಿಲ್ಲ. ಹೊಲಕ್ಕೆ ಹೊಲ ಕೂಡಿಸಿದವರಿಗೆ ಸಿಕ್ಕ ಲಾಭ ಅದು.

ನಕ್ಷೆಗೆ ಬೈಬಲಿನ ಹಿಂದಿನ ಪುಟಗಳೇ ಸಾಕು. ಪೌಲನ ಪ್ರಯಾಣ ಓದುವಾಗ ಬೆರಳಿಟ್ಟುಕೊಂಡು ಓದಿ.

ಐದನೆಯ ಹಂತ: ವ್ಯಾಖ್ಯಾನ

ಕಾಮೆಂಟರಿ ತೆಗೆಯುವುದು ಈಗ. ಮೊದಲೇ ತೆಗೆದರೆ ಅದರ ಪ್ರಶ್ನೆಗಳೇ ನಿಮ್ಮ ಪ್ರಶ್ನೆಗಳಾಗಿಬಿಡುತ್ತವೆ. ಕನ್ನಡದಲ್ಲಿ ವ್ಯಾಖ್ಯಾನಗಳು ಕಡಿಮೆ, ಇಂಗ್ಲಿಷಿನಲ್ಲಿ ಬೆಟ್ಟದಷ್ಟಿವೆ. ಅಂತರ್ಜಾಲದಲ್ಲಿ ಸುಲಭವಾಗಿ ಕೈಗೆ ಸಿಗುವುದು ಮ್ಯಾಥ್ಯೂ ಹೆನ್ರಿಯದು. ಮುನ್ನೂರು ವರ್ಷ ಹಳೆಯದಾದ್ದರಿಂದ ಹಕ್ಕುಸ್ವಾಮ್ಯದ ತಂಟೆಯಿಲ್ಲ. ಭಕ್ತಿಗೆ, ಪ್ರಸಂಗಕ್ಕೆ ಇಂದಿಗೂ ಒದಗುತ್ತದೆ. ಆದರೆ ಇತಿಹಾಸದ ಪ್ರಶ್ನೆಗೆ ಅದನ್ನೊಂದನ್ನೇ ನೆಚ್ಚಬೇಡಿ. ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಯಲ್ಲಿ ಸುರುಳಿಗಳು ಬೆಳಕಿಗೆ ಬರತೊಡಗಿದ್ದೇ 1947ರ ಹೊತ್ತಿಗೆ. ಅವುಗಳಲ್ಲಿ ಯೆಶಾಯನ ಪುಸ್ತಕದ 66 ಅಧ್ಯಾಯಗಳೂ ಇರುವ, ಏಳು ಮೀಟರಿಗೂ ಉದ್ದದ ಚರ್ಮದ ಸುರುಳಿ ಒಂದು. ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಅದರ ಚಿತ್ರಗಳನ್ನು 2011ರಲ್ಲಿ ಅಂತರ್ಜಾಲದಲ್ಲಿ ಹಾಕಿತು. ಹೀಬ್ರೂ ಬಾರದಿದ್ದರೂ ಒಮ್ಮೆ ತೆರೆದು ನೋಡಿ.

ಹೊಸ ಸಂಶೋಧನೆ ಬೇಕಾದವರಿಗೆ ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿದ ಸ್ಟೆಪ್ ಬೈಬಲ್ ಎಂಬ ಅಧ್ಯಯನ ಜಾಲತಾಣ, ನೆಟ್ ಬೈಬಲ್ ಎಂಬ ಇಂಗ್ಲಿಷ್ ಅನುವಾದದ ಅಡಿಟಿಪ್ಪಣಿಗಳು ಉಚಿತವಾಗಿಯೇ ಇವೆ. ಇಂಗ್ಲಿಷ್ ಚೆನ್ನಾಗಿ ಬರಬೇಕು. ಯಾವುದೇ ಪ್ರಶ್ನೆಗೆ ಕನಿಷ್ಠ ಇಬ್ಬರು ವ್ಯಾಖ್ಯಾನಕಾರರನ್ನು ನೋಡಿ. ಇಬ್ಬರೂ ಬೇರೆ ಬೇರೆ ಸಭೆಯವರಾದರೆ ಇನ್ನೂ ಒಳ್ಳೆಯದು. ‘ಇದಕ್ಕೆ ಇನ್ನೊಂದು ಅಭಿಪ್ರಾಯವೂ ಇದೆ’ ಎಂದು ಎಲ್ಲಿಯೂ ಹೇಳದ ಲೇಖಕನನ್ನೂ, ಪ್ರತಿ ಅಧ್ಯಾಯದಲ್ಲೂ ಲೋಕಾಂತ್ಯದ ತಾರೀಖು ಕಾಣುವ ಯೂಟ್ಯೂಬರನನ್ನೂ ಸ್ವಲ್ಪ ದೂರವಿಡಿ.

ಆರನೆಯ ಹಂತ: ಜೊತೆ

ಒಬ್ಬರೇ ಓದಿದರೆ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಬುಧವಾರದ್ದೋ ಶುಕ್ರವಾರದ್ದೋ ಕೂಟದಲ್ಲಿ ನಾಲ್ಕೈದು ಮಂದಿ ನೋಟ್‌ಬುಕ್ ತಂದರೆ ಸಾಕು. ಅಯ್ಯನವರ (ಪಾಸ್ಟರ್) ಹತ್ತಿರವೋ ಫಾದರ್ ಹತ್ತಿರವೋ ಹೋಗುವಾಗ ‘ಈ ಅಧ್ಯಾಯ ವಿವರಿಸಿ’ ಎನ್ನುವ ಬದಲು, ‘ಮಾರ್ಕನಲ್ಲಿ ಹೀಗಿದೆ, ಮತ್ತಾಯನಲ್ಲಿ ಹಾಗಿದೆ, ಏಕೆ?’ ಎಂದು ಕೇಳಿ. ಅವರ ಕಪಾಟಿನ ಪುಸ್ತಕಗಳು ಹೊರಬರುವುದು ಇಂಥ ಪ್ರಶ್ನೆಗೇ.

ಕ್ರಮವಾಗಿ ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ದೇವತಾಶಾಸ್ತ್ರದ ಪಾಠ ನಡೆಯುತ್ತದೆ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್ ಇದೆ. ಕೆಲಸ ಬಿಡಲಾಗದವರಿಗೆ ದೇವತಾಶಾಸ್ತ್ರದ ಪದವಿ ಕೊಡುವ ಸೆರಾಂಪುರ್ ಸೆನೆಟ್‌ನ ದೂರಶಿಕ್ಷಣವುಂಟು. ಬೆಂಗಳೂರಿನ ಟಾಫ್‌ಟೀ ಸಂಸ್ಥೆಯ ಪದ್ಧತಿ ಬೇರೆ: ಮನೆಯಲ್ಲಿ ಪಾಠಪುಸ್ತಕ ಓದಿ ಉತ್ತರ ಬರೆದುಕೊಂಡು, ನಿಗದಿಯಾದ ದಿನ ಗುಂಪಾಗಿ ಕೂತು ಚರ್ಚಿಸುವುದು. ತೋಟ, ಅಂಗಡಿ, ಆಸ್ಪತ್ರೆ ಡ್ಯೂಟಿ ಇರುವವರಿಗೆ ಇದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಸೇರುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಕನ್ನಡದಲ್ಲಿ ಈಗ ಯಾವ ಕೋರ್ಸ್ ನಡೆಯುತ್ತಿದೆ, ಗುಂಪು ಸೇರುವುದು ಎಲ್ಲಿ, ಪರೀಕ್ಷೆಗೆ ಬೆಂಗಳೂರಿಗೇ ಬರಬೇಕೇ.