ಬೈಕ್ ಆಫ್ ಆಗುತ್ತಿದೆಯೇ, ಗೇರ್ ಬೀಳುತ್ತಿಲ್ಲವೇ? ಮೊದಲು ಕ್ಲಚ್ ನೋಡಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಗ್ಯಾರೇಜುಗಳಿಗೆ ಬರುವ ಸವಾರರು ಎರಡು ದೂರುಗಳನ್ನು ಬೇರೆ ಬೇರೆಯಾಗಿ ಹೇಳುವುದುಂಟು: ವೃತ್ತದಲ್ಲಿ ನಿಂತಾಗ ಗಾಡಿ ಆಫ್ ಆಗುತ್ತದೆ, ಮತ್ತು ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಈ ಎರಡೂ ಒಟ್ಟಿಗೆ ಕಾಣಿಸಿಕೊಂಡಿದ್ದರೆ ಕಾರ್ಬುರೇಟರ್ ಬಿಚ್ಚಿಸುವ ಮೊದಲು ಕ್ಲಚ್ ಪರೀಕ್ಷಿಸುವುದು ಲೇಸು. ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪ್ಲೇಟುಗಳು ಬಿಡಿಸಿಕೊಳ್ಳದಿದ್ದರೆ ಎಂಜಿನ್ನಿನ ಎಳೆತ ಗೇರ್‌ಬಾಕ್ಸಿಗೆ ತಲುಪುತ್ತಲೇ ಇರುತ್ತದೆ. ಆಗ ಗೇರ್ ಹಾಕುವಾಗ ಕಟಕ್ಕೆಂದು ಸದ್ದಾಗುತ್ತದೆ, ನ್ಯೂಟ್ರಲ್ ತಪ್ಪಿಸಿಕೊಳ್ಳುತ್ತದೆ, ಬ್ರೇಕ್ ಹಿಡಿದರೆ ಚಕ್ರದೊಂದಿಗೆ ಎಂಜಿನ್ನೂ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಸ್ವಲ್ಪ ದೂರ ಓಡಿಸಿ ಎಂಜಿನ್ ಬೆಚ್ಚಗಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀ ತೆಗೆದು, ಮೊದಲ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ಗಾಡಿಯನ್ನು ತಳ್ಳಿ. ಸಲೀಸಾಗಿ ಉರುಳಿದರೆ ಕ್ಲಚ್ ಬಿಡುತ್ತಿದೆ ಎಂದರ್ಥ. ಬಲವಾಗಿ ತಡೆಯುತ್ತಿದ್ದರೆ ಕ್ಲಚ್ ವೈರ್ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಹೆಚ್ಚಿನ ಬೈಕ್‌ಗಳಲ್ಲಿ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್‌ನಷ್ಟು ಮಾತ್ರ ಸಡಿಲವಿರಬೇಕು; ನಿಮ್ಮ ಗಾಡಿಯ ನಿಖರ ಅಳತೆ ಅದರೊಂದಿಗೆ ಕೊಟ್ಟ ಕೈಪಿಡಿಯಲ್ಲಿರುತ್ತದೆ. ಲಿವರಿನ ಬುಡದಲ್ಲಿರುವ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ, ಅಳತೆ ಸರಿಯಾದ ಮೇಲೆ ನಟ್ ಮತ್ತೆ ಬಿಗಿಮಾಡಿ. ಅಲ್ಲಿ ಜಾಗ ಮುಗಿದಿದ್ದರೆ ಎಂಜಿನ್ ಬಳಿಯ ಅಡ್ಜಸ್ಟರನ್ನು ಬಳಸಬೇಕು. ವೈರಿನ ಎಳೆಗಳು ಒಂದೊಂದಾಗಿ ಕಿತ್ತುಬರುತ್ತಿದ್ದರೆ ಹೊಸದನ್ನೇ ಹಾಕಿಸಿ, ಏಕೆಂದರೆ ಅದು ಪೂರ್ತಿ ತುಂಡಾಗುವುದು ಸಾಮಾನ್ಯವಾಗಿ ಊರಿನಿಂದ ದೂರದಲ್ಲಿಯೇ.

ಹಾಗೆಂದು ಸಡಿಲವೇ ಇಲ್ಲದಂತೆ ಎಳೆದು ಕಟ್ಟುವುದೂ ಸರಿಯಲ್ಲ. ಎರಡೂ ಬದಿಗೆ ಹಾಲಿನ ಕ್ಯಾನ್ ತೂಗಿಹಾಕಿಕೊಂಡು ಡೇರಿಗೆ ಹೋಗುವ ಗಾಡಿಗಳಲ್ಲಿ ಇದರ ಫಲ ಬೇಗ ಕಾಣುತ್ತದೆ: ಕ್ಲಚ್ ಅರ್ಧ ಹಿಡಿದಂತೆಯೇ ಇದ್ದು, ಏರಿನಲ್ಲಿ ಎಂಜಿನ್ ಕಿರುಚಿದರೂ ವೇಗ ಏರುವುದಿಲ್ಲ, ಪ್ಲೇಟುಗಳು ಸುಡುತ್ತವೆ. ಕಾರಿನ ಎಂಜಿನ್ ಆಯಿಲ್ ಸುರಿದರೂ ಹೀಗಾಗಬಹುದು. ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಡಬ್ಬದ ಮೇಲೆ ಇಂತಹ ಕ್ಲಚ್ಚಿಗೆ ಹೊಂದುವ ಆಯಿಲ್‌ನ ಗುರುತಾದ ಜೆಎಎಸ್‌ಒ ಎಂಎ ಅಥವಾ ಎಂಎ2 (JASO MA, MA2) ಎಂದಿರುವುದನ್ನೇ ಕೊಳ್ಳಬೇಕು.

ಕ್ಲಚ್ ಸರಿಯಿದ್ದೂ ಗಾಡಿ ಆಫ್ ಆಗುತ್ತಿದ್ದರೆ ಅದು ಯಾವ ಹೊತ್ತಿನಲ್ಲಿ ಎಂಬುದನ್ನು ಗಮನಿಸಿ. ಗೇರ್ ಹಾಕಿದೊಡನೆ ನಿಲ್ಲುತ್ತಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿರಬಹುದು. ಮಳೆಯಲ್ಲಿ ಅಥವಾ ನೀರು ಹಾಕಿ ತೊಳೆದ ಮೇಲೆ ಮಾತ್ರ ನಿಲ್ಲುತ್ತಿದ್ದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದು ಒಣಗಿಸಿ. ಚೆನ್ನಾಗಿ ಓಡುತ್ತಿದ್ದ ಗಾಡಿ ಪೆಟ್ರೋಲ್ ಮುಗಿದಂತೆ ಮುಗ್ಗರಿಸಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿರುವ ಸಂಭವವಿದೆ. ನಿಂತ ತಕ್ಷಣ ಮುಚ್ಚಳ ತೆರೆದಾಗ ಸುಸ್ಸೆಂದು ಗಾಳಿ ಒಳನುಗ್ಗಿದರೆ ಅನುಮಾನ ನಿಜ. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಆಫ್ ಆಗುವುದು ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದಿದ್ದಾಗಿನ ಎಂಜಿನ್ ವೇಗ, ಕಡಿಮೆಯಾಗಿರುವುದರ ಲಕ್ಷಣ. ಕಾರ್ಬುರೇಟರ್ ಗಾಡಿಯಲ್ಲಿ ಐಡ್ಲಿಂಗ್ ಸ್ಕ್ರೂವನ್ನು ಎಂಜಿನ್ ಬಿಸಿಯಾದ ಮೇಲೆಯೇ ತಿರುಗಿಸಬೇಕು. ತಣ್ಣಗಿರುವಾಗ ಮಾಡಿದ ಹೊಂದಾಣಿಕೆ ಅರ್ಧ ದಾರಿಗೇ ಕೆಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಏರ್ ಫಿಲ್ಟರನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕಲ್ಲು ಕ್ವಾರಿ ಮತ್ತು ಕ್ರಷರ್‌ಗಳ ಸುತ್ತಲಿನ ರಸ್ತೆಗಳಲ್ಲಿ ನಿತ್ಯ ಓಡಾಡುವ ಗಾಡಿಗೆ ಕೈಪಿಡಿಯಲ್ಲಿ ಹೇಳಿದ ಅವಧಿ ಸಾಲದು. ದೂಳು ತುಂಬಿದ ಫಿಲ್ಟರ್ ಗಾಳಿಯನ್ನು ತಡೆದು ಪ್ಲಗ್ಗಿಗೆ ಮಸಿ ಹಿಡಿಸುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಕಂದು ಬಣ್ಣಕ್ಕಿದ್ದರೆ ಒಳ್ಳೆಯದು, ಒಣ ಮಸಿಯಿದ್ದರೆ ಫಿಲ್ಟರ್ ನೋಡಿ. ಕಾಗದದ ಫಿಲ್ಟರನ್ನು ತೊಳೆಯಬಾರದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕ್‌ಗಳಲ್ಲಿ ಬಹುಪಾಲು ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುವುದರಿಂದ, ಎಂಜಿನ್ ಓಡುತ್ತಿದ್ದಾಗಲೂ ಮೀಟರಿನಲ್ಲಿ ಎಂಜಿನ್ ಚಿಹ್ನೆಯ ದೀಪ ಉರಿಯುತ್ತಲೇ ಇದ್ದರೆ ದೋಷ ಓದುವ ಸ್ಕ್ಯಾನರ್ ಇರುವ ಕಡೆಗೇ ಒಯ್ಯಬೇಕು. ಸ್ಪ್ಯಾನರ್ ಹಿಡಿದು ಊಹೆ ಮಾಡುವುದರಿಂದ ಪ್ರಯೋಜನವಿಲ್ಲ.

ಇನ್ನು ಗೇರ್. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಬೀಳದಿರುವುದು ದೋಷವಲ್ಲ. ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಹಲ್ಲುಗಳು ಹೊಂದಿಕೊಂಡು ಬೀಳುತ್ತವೆ. ಓಡಿಸುವಾಗ ಗಡುಸಾಗಿದ್ದರೆ ಗೇರ್ ಲಿವರಿನ ಬೋಲ್ಟ್ ಸಡಿಲವಾಗಿದೆಯೇ, ಚೈನ್ ಜೋತುಬಿದ್ದಿದೆಯೇ, ಆಯಿಲ್ ಬದಲಿಸುವ ಗಡುವು ಮೀರಿದೆಯೇ ಎಂದು ನೋಡಿ. ಆದರೆ ಹಾಕಿದ ಗೇರ್ ಏರಿನಲ್ಲಿ ಭಾರ ಬಿದ್ದಾಗ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುತ್ತಿದ್ದರೆ ಒಳಗಿನ ಹಲ್ಲುಗಳೋ ಗೇರುಗಳನ್ನು ಸರಿಸುವ ಫೋರ್ಕೋ ಸವೆದಿರುತ್ತದೆ. ಅದಕ್ಕೆ ಎಂಜಿನ್ ಬಿಚ್ಚಲೇಬೇಕು, ಮನೆಯಂಗಳದಲ್ಲಿ ಆಗುವ ಕೆಲಸವಲ್ಲ; ಅಲ್ಲಿಯವರೆಗೆ ಭಾರ ಹೇರಿಕೊಂಡು ನಂದಿ ಬೆಟ್ಟದ ತಿರುವುಗಳಂತಹ ರಸ್ತೆಗೆ ಆ ಗಾಡಿಯನ್ನು ಒಯ್ಯಬೇಡಿ.