ಟ್ಯಾಕ್ಸಿ ಬಾಡಿಗೆ: ಸ್ಕ್ಯಾನೋ ಕ್ಯಾಶೋ, ಹತ್ತುವ ಮುಂಚೆಯೇ ಕೇಳಿ
ಮೈಸೂರು ರೈಲ್ವೆ ಸ್ಟೇಷನ್ ಹತ್ತಿರ ಟ್ಯಾಕ್ಸಿ, ಆಟೊ ಹತ್ತುವ ಮುಂಚೆಯೇ ‘ಸ್ಕ್ಯಾನ್ ಮಾಡ್ತೀನಿ, ಆಗುತ್ತಲ್ವಾ?’ ಅಂತ ಕೇಳಿಬಿಡಿ. ಇಳಿಯುವಾಗ ಕೇಳಿದರೆ ‘ಕ್ಯಾಶೇ ಕೊಡಿ, ಚಿಲ್ಲರೆ ಇಲ್ಲ’ ಅನ್ನೋ ಮಾತಿಗೆ ಸಿಕ್ಕಿಬೀಳ್ತೀರಿ. ಯುಪಿಐನಲ್ಲಿ 87 ರೂಪಾಯಿ ಅಂದ್ರೆ 87ಕ್ಕೇ ಮುಗಿಯುತ್ತೆ, ಆ ಪಾವತಿಯ ಗುರುತಾಗಿ ಬರುವ 12 ಅಂಕಿಯ ಯುಟಿಆರ್ ನಂಬರ್ ಇಬ್ಬರಿಗೂ ಸಾಕ್ಷಿ. ಸ್ಕ್ಯಾನ್ ಆದಮೇಲೆ ಪರದೆಯಲ್ಲಿ ಬರುವ ಹೆಸರನ್ನು ಜೋರಾಗಿ ಓದಿ, ಡ್ರೈವರ್ ‘ಹೌದು’ ಅಂದಮೇಲಷ್ಟೇ ಪಿನ್ ಒತ್ತಿ. ಗಾಡಿ ಬಾಡಿಗೆಯದಾಗಿದ್ದರೆ ಸ್ಕ್ಯಾನ್ ಮಾಡುವ ಸ್ಟಿಕ್ಕರ್ ಓನರ್‌ದಿರಬಹುದು, ಪಾಪ, ದುಡಿದವರ ಕೈಗೆ ದುಡ್ಡು ಸೇರಲ್ಲ. ನೆಟ್‌ವರ್ಕ್ ಕೈಕೊಟ್ಟು ‘ಪೆಂಡಿಂಗ್’ ಅಂತ ನಿಂತರೆ ಮಾತ್ರ ಈ ಉಪಾಯ ನಡೆಯಲ್ಲ, ಅದಕ್ಕೇ 10, 20ರ ನೋಟು ಜೇಬಲ್ಲಿರಲಿ. 500ರ ನೋಟೇ ಕೊಡಬೇಕಾದರೆ ‘ಐನೂರು ಕೊಡ್ತಿದ್ದೀನಿ’ ಅಂತ ಬಾಯಿಬಿಟ್ಟು ಹೇಳಿ ಕೊಡಿ.