ಕಾರ್ಬುರೇಟರ್ ಸೈಜು, ಪೆಟ್ರೋಲ್ ಪೂರೈಕೆ: ನಾನು ಹೊಂದಿಸುವ ಬಗೆ

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಆರಿಸುವ ಮೊದಲು ಲೆಕ್ಕ ಹಾಕಿಕೊಳ್ಳುತ್ತೇನೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ಯೂಬಿಕ್ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ಬೇಕಾದ ಗಾಳಿ ಸಿಎಫ್‌ಎಂನಲ್ಲಿ (ನಿಮಿಷಕ್ಕೆ ಎಷ್ಟು ಘನ ಅಡಿ ಎಂಬ ಅಳತೆ) ಸಿಗುತ್ತದೆ. 350 ಕ್ಯೂಬಿಕ್ ಇಂಚು, 6000 ಆರ್‌ಪಿಎಂಗೆ ಸುಮಾರು 607. ರಸ್ತೆ ಮೇಲೆ ಓಡುವ ಎಂಜಿನ್ ಸಿಲಿಂಡರನ್ನು ಶೇ. 85ರಷ್ಟು ತುಂಬಿಕೊಂಡರೆ ಹೆಚ್ಚು. ಅಲ್ಲಿಗೆ 516 ಸಾಕು. 600 ಸಿಎಫ್‌ಎಂನ ಕಾರ್ಬುರೇಟರ್ ಧಾರಾಳವಾಯಿತು.

ಇದಕ್ಕೆ 750 ಕೂರಿಸಿದರೆ ವೆಂಚುರಿಯಲ್ಲಿ (ಕಾರ್ಬುರೇಟರ್ ಒಳಗಿನ ಕಿರಿದಾದ ಗಾಳಿದಾರಿ) ಗಾಳಿಯ ವೇಗ ಇಳಿಯುತ್ತದೆ, ಪೆಟ್ರೋಲ್ ಹರಿಸುವ ಮುಖ್ಯ ದಾರಿಯಾದ ಮೇನ್ ಸರ್ಕ್ಯೂಟ್ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಗಾಡಿ ಮುಗ್ಗರಿಸುತ್ತದೆ. ಪಂಪ್ ಜೆಟ್ (ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮುವ ರಂಧ್ರ) ದೊಡ್ಡದು ಮಾಡಿ ಅದನ್ನು ಮುಚ್ಚಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ವಿಷಯ: ನಾಲ್ಕು ಬ್ಯಾರೆಲ್‌ನ (ಗಾಳಿ ಹೋಗುವ ಕೊಳವೆ) ಕಾರ್ಬುರೇಟರ್‌ಗಳ ಸಿಎಫ್‌ಎಂ ಅಳೆಯುವುದು 1.5 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ, ಎರಡು ಬ್ಯಾರೆಲ್‌ನವುಗಳದ್ದು 3 ಇಂಚಿನಲ್ಲಿ. ಹಾಗಾಗಿ 500ರ ಎರಡು ಬ್ಯಾರೆಲ್ ಮೊದಲನೆಯ ಅಳತೆಯಲ್ಲಿ ಬರೀ 354.

ಸೈಜು ಸರಿಯಿದೆಯೇ ಎಂದು, ಕಾರ್ಬುರೇಟರ್‌ನಿಂದ ಸಿಲಿಂಡರಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ (ಒಳಗಿನ ಒತ್ತಡ ಎಷ್ಟು ಇಳಿದಿದೆ ಎಂದು ತೋರಿಸುವ ಮೀಟರ್) ಹಾಕಿ ನೋಡುತ್ತೇನೆ. ಪೂರ್ತಿ ಥ್ರಾಟಲ್‌ನಲ್ಲಿ, ಗರಿಷ್ಠ ಆರ್‌ಪಿಎಂ ಹತ್ತಿರ 1ರಿಂದ 1.5 ಇಂಚು ಪಾದರಸ ಬಂದರೆ ನೆಮ್ಮದಿ. ಅದನ್ನು ಮೀರಿದರೆ ಕಾರ್ಬುರೇಟರ್ ಉಸಿರು ಕಟ್ಟಿಸುತ್ತಿದೆ.

ಹೆಚ್ಚಿನವರು ಎಡವುವುದು ಪೆಟ್ರೋಲ್ ಪೂರೈಕೆಯಲ್ಲಿ. ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಅರ್ಧ ಪೌಂಡ್ ಹಿಡಿದರೆ 300 ಹಾರ್ಸ್‌ಪವರ್‌ಗೆ 150 ಪೌಂಡ್, ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಎಲೆಕ್ಟ್ರಿಕ್ ಪಂಪ್ ಇದ್ದರೆ, ತಣ್ಣಗಿರುವ ಎಂಜಿನ್ನಿನಲ್ಲಿ ಇಗ್ನಿಷನ್ ಕಾಯಿಲ್ ವೈರ್ ಬಿಚ್ಚಿ, ಅಗ್ನಿಶಾಮಕ ಕೈಗೆ ಸಿಗುವಲ್ಲಿಟ್ಟು, ಕಾರ್ಬುರೇಟರ್ ಕಡೆಯ ಹೋಸ್ ತುದಿಯನ್ನು ಲೋಹದ ಕ್ಯಾನಿಗೆ ಬಿಡುತ್ತೇನೆ. ಅರ್ಧ ನಿಮಿಷದಲ್ಲಿ ಒಂದು ಲೀಟರಾದರೂ ಬೀಳಬೇಕು; ಒತ್ತಡಕ್ಕೆದುರಾಗಿ ತಳ್ಳುವಾಗ ಹರಿವು ಇನ್ನೂ ಕಡಿಮೆಯಾಗುವುದರಿಂದ ಈ ಹೆಚ್ಚುವರಿ ಬೇಕೇ ಬೇಕು.

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪೆಟ್ರೋಲ್ ಒತ್ತಡದ ಗೇಜ್ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸಿತೆಂದು ನಂಬಬೇಡಿ. ಎರಡನೇ ಗೇರಿನಲ್ಲಿ ಚೆನ್ನಾಗಿ ಎಳೆದು, ಟಾಪ್ ಗೇರಿನಲ್ಲಿ ಕೆಲವು ಸೆಕೆಂಡಿನ ನಂತರ ಪಟಪಟ ಎಂದು ಸೊರಗಿದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಬರಿದಾಗುತ್ತಿದೆ. ಮೇನ್ ಸರ್ಕ್ಯೂಟ್‌ನ ಪೆಟ್ರೋಲ್ ರಂಧ್ರವಾದ ಮೇನ್ ಜೆಟ್ ಎಷ್ಟು ದೊಡ್ಡದು ಮಾಡಿದರೂ ಗುಣವಾಗದು. ಆಗ ನಾನು ಹುಡುಕುವುದು ಟ್ಯಾಂಕ್ ಮುಚ್ಚಳದ ಗಾಳಿರಂಧ್ರ, ಪಂಪಿನ ಹಿಂದಿನ ಫಿಲ್ಟರ್, ಒಳಪದರ ಉಬ್ಬಿ ದಾರಿ ಕಟ್ಟಿದ ಹಳೆಯ ರಬ್ಬರ್ ಹೋಸ್. ಪಂಪ್ ಟ್ಯಾಂಕಿನ ಪಕ್ಕದಲ್ಲೇ, ತಗ್ಗಿನಲ್ಲಿರಲಿ: ಅದು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಒತ್ತಡ 7 ಪಿಎಸ್‌ಐ ದಾಟಿದರೆ ಬೌಲ್‌ಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ (ಸೂಜಿ ಕವಾಟ) ತನ್ನ ಸೀಟು ಬಿಟ್ಟು ಬೌಲ್ ಉಕ್ಕುತ್ತದೆ, ರೆಗ್ಯುಲೇಟರ್ ಹಾಕಿ.

ಇಷ್ಟಾದ ಮೇಲೆ ಫ್ಲೋಟ್ ಮಟ್ಟ (ಬೌಲ್‌ನಲ್ಲಿ ಪೆಟ್ರೋಲ್ ನಿಲ್ಲುವ ಎತ್ತರ), ಕಡೆಗೆ ಜೆಟ್. ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 12.5ರಿಂದ 13ರೊಳಗೆ ಬರುವವರೆಗೆ ಒಂದೊಂದೇ ಹೆಜ್ಜೆ ಬದಲಿಸುತ್ತೇನೆ.